ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ: ಪ್ಯಾಡ್ ಕೊಳ್ಳಬೇಕಾ, ಹೊಸದಾಗಿ ಕಲಿಯಬೇಕಾ?

ಕಿನ್ನಾಳದ ಅಕ್ಕ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಈಗ ಕೊಪ್ಪಳದಲ್ಲಿ ಬಿ.ಎ. ಓದುತ್ತಿದ್ದಾನೆ. ಕಂಪ್ಯೂಟರ್ ಕಲಿತದ್ದು ಡೆಸ್ಕ್‌ಟಾಪ್ ಮೇಲೆ, ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್, ಹಾಕಿಕೊಂಡು. ಬಲಗೈ ಯಾವಾಗಲೂ ಕೀಬೋರ್ಡ್‌ನ ಬಲತುದಿಯ ನಂಬರ್ ಪ್ಯಾಡ್ ಮೇಲೇ ಇರುತ್ತಿತ್ತು.

ಹೋದ ತಿಂಗಳು ಮನೆಗೆ ಲ್ಯಾಪ್‌ಟಾಪ್ ತಂದೆವು. 14 ಇಂಚಿನದು, ಹಗುರ ಇದೆ, ಬಸ್ಸಿನಲ್ಲಿ ಒಯ್ಯಲು ಸುಲಭ. ಆದರೆ ನಂಬರ್ ಪ್ಯಾಡೇ ಇಲ್ಲ. ಅಂಗಡಿಯವರು "ಮೇಲಿನ ಸಾಲಿನಲ್ಲಿ ನಂಬರ್ ಇವೆಯಲ್ಲ, ಅವನ್ನೇ ಒತ್ತಲಿ" ಅಂದರು. ಒತ್ತಿದರೆ ನಂಬರ್ ಟೈಪ್ ಆಗುತ್ತದೆ ಅಷ್ಟೇ, ಏನೂ ಓದುವುದಿಲ್ಲ.

ಯುಎಸ್‌ಬಿ ನಂಬರ್ ಪ್ಯಾಡ್ ಬೇರೆಯಾಗಿ ಸಿಗುತ್ತದಂತೆ. ಅದನ್ನು ತರಲಾ? ಇಲ್ಲ ಲ್ಯಾಪ್‌ಟಾಪ್ ಕೀಗಳನ್ನೇ ಕಲಿಯಲಿ ಅಂತ ಬಿಡಲಾ? ನನಗೆ ಇದರ ಒಳಗುಟ್ಟು ಗೊತ್ತಿಲ್ಲ. ಅಷ್ಟಕ್ಕೂ ಓದಲು ನಂಬರ್ ಕೀ ಯಾಕೆ ಬೇಕು ಅನ್ನುವುದೇ ಅರ್ಥವಾಗಿಲ್ಲ. ಬಾಣದ ಕೀಗಳು ಇವೆಯಲ್ಲ?

ಕೌಲ್ ಬಜಾರ್ ಕೀಬೋರ್ಡ್, ಬಳ್ಳಾರಿ

ಅಕ್ಕಾ, ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅದು ತಿಳಿದರೆ ಉಳಿದದ್ದು ನೀವೇ ನಿರ್ಧಾರ ಮಾಡಬಹುದು. ನಾನೂ ಕಣ್ಣು ಕಾಣದವನೇ, ದಿನವಿಡೀ ಇದರ ಮೇಲೇ ಕೆಲಸ.

ಬಾಣದ ಕೀ ಒತ್ತಿದರೆ ಕರ್ಸರ್ ಸರಿಯುತ್ತದೆ. ಅಂದರೆ ನೀವು ಎಲ್ಲಿ ಬರೆಯುತ್ತಿದ್ದೀರೋ ಆ ಜಾಗವೇ ಬದಲಾಗುತ್ತದೆ. ನಂಬರ್ ಪ್ಯಾಡ್ ಸರಿಸುವುದು ಬೇರೆ ಕರ್ಸರ್ ಅನ್ನು. ಅದಕ್ಕೆ ರಿವ್ಯೂ ಕರ್ಸರ್ ಅನ್ನುತ್ತಾರೆ. ಅದು ಓದಲು ಮಾತ್ರ. ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಹಿಂದಿನ ಪುಟ ತಿರುವಿ ನೋಡಿ ಬಂದ ಹಾಗೆ. ಪತ್ರದ ನಾಲ್ಕನೇ ಸಾಲು ಬರೆಯುತ್ತಾ ಮೊದಲ ಸಾಲಿನಲ್ಲಿ ಹೆಸರು ಸರಿಯಾಗಿದೆಯಾ ಅಂತ ಕೇಳಿ ಬರಬಹುದು. ಬರೆಯುವ ಜಾಗ ಇದ್ದಲ್ಲೇ ಇರುತ್ತದೆ.

ಇನ್ನೊಂದು. ಬಾಣದ ಕೀ ಹೋಗದ ಜಾಗಕ್ಕೂ ಈ ಕರ್ಸರ್ ಹೋಗುತ್ತದೆ. ಎರರ್ ಬಾಕ್ಸ್ ಬಂದಾಗ ಫೋಕಸ್, ಅಂದರೆ ನಾವು ಒತ್ತುವ ಕೀ ಹೋಗಿ ತಲುಪುವ ಜಾಗ, ಇರುವುದು "ಓಕೆ" ಬಟನ್ ಮೇಲೆ. ಆ ಬಾಕ್ಸ್‌ನಲ್ಲಿ ಏನು ಬರೆದಿದೆ ಅಂತ ಎರಡನೇ ಸಲ ಓದಬೇಕೆಂದರೆ ಬಾಣದ ಕೀ ಉಪಯೋಗಕ್ಕೆ ಬರುವುದಿಲ್ಲ.

ಕೀಗಳ ಜೋಡಣೆ ಚೆನ್ನಾಗಿದೆ, ಅದಕ್ಕೇ ಬಿಡಲು ಮನಸ್ಸು ಬರುವುದಿಲ್ಲ. ಮೇಲಿನ ಸಾಲು 7, 8, 9 ಇದೆಯಲ್ಲ, ಅದು ಸಾಲು ಓದಲು. 7 ಹಿಂದಿನ ಸಾಲು, 8 ಈಗಿನ ಸಾಲು, 9 ಮುಂದಿನ ಸಾಲು. ನಡುವಿನ 4, 5, 6 ಪದಕ್ಕೆ. ಕೆಳಗಿನ 1, 2, 3 ಅಕ್ಷರಕ್ಕೆ. ಎಡಗಡೆ ಯಾವಾಗಲೂ ಹಿಂದಿನದು, ನಡುವೆ ಈಗಿನದು, ಬಲಗಡೆ ಮುಂದಿನದು. 5ರ ಮೇಲೆ ಸಣ್ಣ ಉಬ್ಬು ಇರುತ್ತದೆ. ನಡುಬೆರಳು ಅದರ ಮೇಲೆ ಕೂತರೆ ಉಳಿದದ್ದೆಲ್ಲ ತಾನಾಗಿ ಸಿಗುತ್ತದೆ.

8 ಅಥವಾ 5 ಅನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಅಕ್ಷರ ಬಿಡಿಸಿ ಹೇಳುತ್ತದೆ. ಪ್ಲಸ್ ಒತ್ತಿದರೆ ಅಲ್ಲಿಂದ ಕೊನೆಯವರೆಗೆ ಓದುತ್ತಾ ಹೋಗುತ್ತದೆ. ಭಾಗಾಕಾರದ ಕೀ ಮೌಸ್‌ನ ಎಡ ಕ್ಲಿಕ್, ನಕ್ಷತ್ರದ ಕೀ ಬಲ ಕ್ಲಿಕ್. ಸೊನ್ನೆ, ಅಂದರೆ ಪ್ಯಾಡ್ ಮೇಲಿನ ಇನ್ಸರ್ಟ್, ಎನ್‌ವಿಡಿಎ ಕೀ ಆಗಿ, ಅಂದರೆ ಎನ್‌ವಿಡಿಎಗೆ ಆಜ್ಞೆ ಕೊಡಲು ಹಿಡಿಯುವ ಕೀ ಆಗಿ ಕೆಲಸ ಮಾಡುತ್ತದೆ. ಅದನ್ನು ಹಿಡಿದುಕೊಂಡು 4, 6 ಒತ್ತಿದರೆ ಪರದೆ ಮೇಲಿನ ಒಂದು ವಸ್ತುವಿನಿಂದ ಪಕ್ಕದ ವಸ್ತುವಿಗೆ ಹೋಗುತ್ತದೆ. 8 ಒತ್ತಿದರೆ ಅದನ್ನು ಹೊತ್ತ ದೊಡ್ಡ ವಸ್ತುವಿಗೆ, 2 ಒತ್ತಿದರೆ ಒಳಗಿನ ವಸ್ತುವಿಗೆ. ಅದನ್ನು ಹಿಡಿದೇ ಪ್ಯಾಡ್‌ನ ಎಂಟರ್ ಒತ್ತಿದರೆ ಅಲ್ಲಿರುವ ಬಟನ್ ಒತ್ತಿದಂತೆ. ಹಾಗೇ ಹಿಡಿದು ಮೈನಸ್ ಒತ್ತಿದರೆ ಫೋಕಸ್ ಇದ್ದಲ್ಲಿಗೆ ವಾಪಸ್.

ಒಂದು ಷರತ್ತು: ನಮ್ ಲಾಕ್ ಆಫ್ ಇರಬೇಕು. ಆನ್ ಇದ್ದರೆ ಸುಮ್ನೆ ಅಂಕಿ ಬೀಳುತ್ತದೆ. ಅರ್ಧ ಜನ "ಎನ್‌ವಿಡಿಎ ಕೆಟ್ಟಿದೆ" ಅಂತ ಫೋನ್ ಮಾಡುವುದು ಇದಕ್ಕೇ.

ನನ್ನ ಮಾತು ಕೇಳುವುದಾದರೆ, ಪ್ಯಾಡ್ ತಂದುಕೊಡಿ. ಕೆಲವು ನೂರು ರೂಪಾಯಿ ಅಷ್ಟೇ.

ಹಟ್ಟಿ ಹುಡುಗ, ರಾಯಚೂರು ಜಿಲ್ಲೆ

ಅಣ್ಣ ಹೇಳಿದ ಕೀಗಳೆಲ್ಲ ಸರಿ. ಕೊನೆಯ ಮಾತು ಮಾತ್ರ ಒಪ್ಪುವುದಿಲ್ಲ.

ಲ್ಯಾಪ್‌ಟಾಪ್ ತಂದದ್ದೇ ಎಲ್ಲ ಕಡೆ ಒಯ್ಯಲು. ಅದಕ್ಕೆ ಇನ್ನೊಂದು ತುಂಡು ಕಟ್ಟಿಕೊಂಡು ಓಡಾಡಬೇಕಾ? ಕ್ಲಾಸಿನ ಬೆಂಚಿನ ಮೇಲೆ ಜಾಗ ಎಲ್ಲಿದೆ? ಎನ್‌ವಿಡಿಎಯಲ್ಲಿ ಲ್ಯಾಪ್‌ಟಾಪ್ ಲೇಔಟ್, ಅಂದರೆ ಪ್ಯಾಡ್ ಬೇಡದ ಕೀಗಳ ಜೋಡಣೆ, ಅಂತಲೇ ಬೇರೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ವಿಭಾಗಕ್ಕೆ ಹೋಗಿ ಬದಲಿಸಬೇಕು. ಅಲ್ಲೇ ಕ್ಯಾಪ್ಸ್ ಲಾಕ್ ಅನ್ನೂ ಎನ್‌ವಿಡಿಎ ಕೀ ಮಾಡಿಕೊಳ್ಳಿ. ನಿಜವಾದ ಕ್ಯಾಪ್ಸ್ ಲಾಕ್ ಬೇಕಾದರೆ ಬೇಗ ಎರಡು ಸಲ ಒತ್ತಿದರಾಯಿತು.

ಆಮೇಲೆ ಎನ್‌ವಿಡಿಎ ಕೀ ಹಿಡಿದು ಮೇಲೆ, ಕೆಳಗೆ ಬಾಣ ಒತ್ತಿದರೆ ಹಿಂದಿನ, ಮುಂದಿನ ಸಾಲು. ಎಡ, ಬಲ ಬಾಣ ಅಕ್ಷರಕ್ಕೆ. ಕಂಟ್ರೋಲ್ ಸೇರಿಸಿದರೆ ಪದಕ್ಕೆ. ಶಿಫ್ಟ್ ಸೇರಿಸಿದರೆ ವಸ್ತುಗಳ ನಡುವೆ ಓಡಾಟ. ಈಗಿನ ಅಕ್ಷರ ಬೇಕಾದರೆ ಎನ್‌ವಿಡಿಎ ಕೀ ಜೊತೆ ಫುಲ್ ಸ್ಟಾಪ್. ಎಲ್ಲವೂ ಇದೆ. ಯಾವುದೂ ಕಳೆದುಹೋಗುವುದಿಲ್ಲ.

ಕೌಲ್ ಬಜಾರ್ ಕೀಬೋರ್ಡ್, ಬಳ್ಳಾರಿ

ಕಳೆದುಹೋಗುವುದಿಲ್ಲ, ನಿಜ. ಆದರೆ ಪ್ಯಾಡ್‌ನಲ್ಲಿ ಪದ ಓದಲು ಒಂದು ಬೆರಳು ಸಾಕು. ನಿನ್ನ ಲೇಔಟ್‌ನಲ್ಲಿ ಎನ್‌ವಿಡಿಎ ಕೀ, ಕಂಟ್ರೋಲ್, ಬಾಣ ಅಂತ ಮೂರು ಕೀ ಒಟ್ಟಿಗೆ ಹಿಡಿಯಬೇಕು. ದಿನಕ್ಕೆ ಸಾವಿರ ಸಲ ಇದನ್ನೇ ಮಾಡುವವನ ಮಣಿಕಟ್ಟು ಕೇಳಿ ನೋಡು ತಮ್ಮಾ.

ಹಟ್ಟಿ ಹುಡುಗ, ರಾಯಚೂರು ಜಿಲ್ಲೆ

ಮಣಿಕಟ್ಟಿನ ಮಾತು ಒಪ್ಪಿದೆ ಅಣ್ಣ. ಆದರೂ ಎರಡು ಲೇಔಟ್ ಗೊತ್ತಿದ್ದರೆ ಯಾರದೇ ಮೆಷಿನ್ ಕೊಟ್ಟರೂ ಕೆಲಸ ನಿಲ್ಲುವುದಿಲ್ಲ.

ಭತ್ತದ ಲೆಕ್ಕ, ಗಂಗಾವತಿ

ನಾನು ರೈಸ್ ಮಿಲ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಒಂದು ಕಣ್ಣು ಪೂರ್ತಿ ಇಲ್ಲ, ಇನ್ನೊಂದರಲ್ಲಿ ಬೆಳಕು ಮಾತ್ರ ಗೊತ್ತಾಗುತ್ತದೆ. ಇಲ್ಲಿ ಯಾರೂ ಅಂಕಿಗಳ ವಿಷಯ ಎತ್ತಲಿಲ್ಲ. ನನಗೆ ಪ್ಯಾಡ್ ಬೇಕಾದದ್ದೇ ಅದಕ್ಕೆ.

ಲಾರಿ ತೂಕ 18,650 ಇದೆಯಾ 18,560 ಇದೆಯಾ ಅನ್ನುವುದು ಸಣ್ಣ ವಿಷಯ ಅಲ್ಲ. ಸ್ಕ್ರೀನ್ ರೀಡರ್ ಪೂರ್ತಿ ಸಂಖ್ಯೆಯನ್ನು ಒಂದೇ ಉಸಿರಿಗೆ ಹೇಳಿಬಿಡುತ್ತದೆ. ಹತ್ತಿರದಲ್ಲಿ ಮೆಷಿನ್ ಓಡುತ್ತಿದ್ದರೆ ಆರುನೂರಾ ಐವತ್ತಾ, ಐನೂರಾ ಅರವತ್ತಾ ಗೊತ್ತಾಗುವುದಿಲ್ಲ. ಎಕ್ಸೆಲ್ ಸೆಲ್ ಮೇಲೆ ನಿಂತು ಪ್ಯಾಡ್‌ನ 8 ಎರಡು ಸಲ ಒತ್ತುತ್ತೇನೆ. ಒಂದು, ಎಂಟು, ಅಲ್ಪವಿರಾಮ, ಆರು, ಐದು, ಸೊನ್ನೆ. ಮುಗಿಯಿತು. ಇನ್ನೂ ಅನುಮಾನ ಇದ್ದರೆ 1, 3 ಒತ್ತುತ್ತಾ ಒಂದೊಂದೇ ಅಂಕಿ. ಎಫ್2 ಒತ್ತಿ ಸೆಲ್ ಒಳಗೆ ಹೋಗುವ ಗೋಜಿಲ್ಲ, ಆಕಸ್ಮಿಕವಾಗಿ ಅಂಕಿ ಅಳಿಸಿಹೋಗುವ ಭಯವಿಲ್ಲ.

ಪೇಚು ಏನೆಂದರೆ, ಲೆಕ್ಕದವರಿಗೆ ಅಂಕಿ ಟೈಪ್ ಮಾಡಲೂ ಅದೇ ಪ್ಯಾಡ್ ಬೇಕು. ಟೈಪ್ ಮಾಡಲು ನಮ್ ಲಾಕ್ ಆನ್, ಓದಲು ಆಫ್. ಪದೇ ಪದೇ ಬದಲಿಸುತ್ತಾ ಕೂತರೆ ತಲೆ ಕೆಡುತ್ತದೆ. ನಾನು ಅಂಕಿ ಬರೆಯುವುದನ್ನು ಮೇಲಿನ ಸಾಲಿಗೆ ಬಿಟ್ಟೆ. ಪ್ಯಾಡ್ ಓದಲು ಮಾತ್ರ, ನಮ್ ಲಾಕ್ ಸದಾ ಆಫ್. ಜೊತೆಯವರು "ಇಷ್ಟು ಚಂದ ನಂಬರ್ ಪ್ಯಾಡ್ ಇಟ್ಟುಕೊಂಡು ಮೇಲೆ ಯಾಕೆ ಒತ್ತುತ್ತೀರಿ" ಅಂತಾರೆ. ಅನ್ನಲಿ ಬಿಡಿ.

ಇನ್ನೊಂದು ಮಾತು. ನಮ್ ಲಾಕ್ ಆನ್ ಇರುವಾಗ ಪ್ಯಾಡ್‌ನ ಸೊನ್ನೆ ಎನ್‌ವಿಡಿಎ ಕೀ ಆಗುವುದಿಲ್ಲ, ಸೊನ್ನೆಯೇ ಬೀಳುತ್ತದೆ. ಲೆಕ್ಕದ ಹಾಳೆಯಲ್ಲಿ ಅನಾಮತ್ತಾಗಿ ಸೊನ್ನೆ ಬಿದ್ದರೆ ಏನಾಗುತ್ತದೆ ಹೇಳಬೇಕಾಗಿಲ್ಲ. ಆಗ ಬಾಣದ ಕೀಗಳ ಮೇಲಿರುವ ಬೇರೆ ಇನ್ಸರ್ಟ್ ಕೀ ಬಳಸಬೇಕು.

ಕಿನ್ನಾಳದ ಅಕ್ಕ, ಕೊಪ್ಪಳ

ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ. ಈಗ ಸ್ವಲ್ಪ ಅರ್ಥವಾಯಿತು. ತಮ್ಮನಿಗೆ ಓದಿ ಹೇಳಿದೆ. ಅವನು ಇನ್ನೊಂದು ತೊಂದರೆ ಹೇಳಿದ. ಕಾಲೇಜಿನ ಲ್ಯಾಬ್‌ನಲ್ಲಿ ಪ್ಯಾಡ್ ಇರುವ ಕೀಬೋರ್ಡೇ ಇದೆಯಂತೆ. ಆದರೂ 8 ಒತ್ತಿದರೆ ಮೊದಲು ತೆರೆದಿದ್ದ ಕಿಟಕಿಯ ಮಾತನ್ನೇ ಹೇಳುತ್ತಾ ಇರುತ್ತದಂತೆ. ಎಲ್ಲಿಗೆ ಹೋದರೂ ಅದೇ ಸಾಲು. ನಮ್ ಲಾಕ್ ಆಫ್ ಇದೆ, ನೋಡಿದ್ದಾನೆ. ಲ್ಯಾಬ್‌ನವರು ಕೀಬೋರ್ಡ್ ಬದಲಿಸಿ ನೋಡಿದರು, ಅದೇ ಕಥೆ.

ಕೌಲ್ ಬಜಾರ್ ಕೀಬೋರ್ಡ್, ಬಳ್ಳಾರಿ

ಕೀಬೋರ್ಡ್ ತಪ್ಪಲ್ಲ ಅಕ್ಕಾ. ಯಾರೋ ಎನ್‌ವಿಡಿಎ ಕೀ ಹಿಡಿದು ಮೇಲಿನ ಸಾಲಿನ 7 ಒತ್ತಿದ್ದಾರೆ. ಪ್ಯಾಡ್‌ನ 7 ಅಲ್ಲ, ಅಕ್ಷರಗಳ ಮೇಲಿರುವ 7. ಅದು ಫೋಕಸ್ ಹೋದ ಕಡೆಗೆ ಓದುವ ಕರ್ಸರ್ ಹಿಂಬಾಲಿಸಬೇಕಾ ಬೇಡವಾ ಅನ್ನುವ ಸ್ವಿಚ್. ಆಫ್ ಆಗಿದ್ದರೆ ಓದುವ ಕರ್ಸರ್ ಬಿಟ್ಟಲ್ಲೇ ಕೂತಿರುತ್ತದೆ. ಮತ್ತೊಮ್ಮೆ ಅದನ್ನೇ ಒತ್ತಿದರೆ ಸರಿಹೋಗುತ್ತದೆ. ಪಕ್ಕದ 6 ಕೂಡ ಅಂಥದ್ದೇ. ಅದು ಆಫ್ ಆದರೆ ಟೈಪ್ ಮಾಡುವ ಕರ್ಸರ್ ಸರಿದರೂ ಓದುವ ಕರ್ಸರ್ ಸರಿಯುವುದಿಲ್ಲ.

ಕೆಲವು ಸಲ ಬೇಕಂತಲೇ ಆಫ್ ಮಾಡುತ್ತೇವೆ. ಪರದೆಯ ಒಂದು ಮೂಲೆಯಲ್ಲಿ ಬದಲಾಗುವ ಅಂಕಿಯನ್ನು ಕಾಯುತ್ತಾ ಬೇರೆ ಕಡೆ ಕೆಲಸ ಮಾಡುವಾಗ ಬಹಳ ಉಪಯೋಗ. ಆದರೆ ಹೊಸಬರು ಗೊತ್ತಿಲ್ಲದೆ ಒತ್ತಿ ಕಂಗಾಲಾಗುತ್ತಾರೆ.

ಸಿಂಧನೂರು ಮೇಷ್ಟ್ರು

ಮಕ್ಕಳಿಗೆ ಇದನ್ನು ಹೇಳಿಕೊಡುವವನು ನಾನು. ಎರಡು ಮಾತು ಸೇರಿಸುತ್ತೇನೆ.

ಬ್ರೈಲ್ ಕಲಿತು ಬಂದ ಮಕ್ಕಳಿಗೆ ನಂಬರ್ ಪ್ಯಾಡ್ ಮೊದಲು ತಲೆಕೆಳಗು ಅನಿಸುತ್ತದೆ. ಬ್ರೈಲ್ ಚುಕ್ಕಿಗಳಲ್ಲಿ 1 ಎಡಗಡೆ ಮೇಲೆ, ಅದರ ಕೆಳಗೆ 2, 3. ಫೋನಿನ ಡಯಲ್‌ನಲ್ಲೂ 1 ಮೇಲೆಯೇ. ಇಲ್ಲಿ ನೋಡಿದರೆ 1 ಕೆಳಗೆ, 7 ಮೇಲೆ. ಹೀಗಾಗಿ ನಾನು ಅಂಕಿಯನ್ನೇ ಹೇಳುವುದಿಲ್ಲ. "ಮೇಲಿನ ಸಾಲು, ನಡುವೆ", "ಕೆಳಗಿನ ಸಾಲು, ಬಲಕ್ಕೆ" ಅಂತ ಜಾಗ ಹೇಳುತ್ತೇನೆ. ಅಂಕಿ ಆಮೇಲೆ ತಾನಾಗಿ ಬರುತ್ತದೆ.

ಅಭ್ಯಾಸಕ್ಕೆ ಎನ್‌ವಿಡಿಎ ಕೀ ಜೊತೆ ಮೇಲಿನ ಸಾಲಿನ 1 ಒತ್ತಿ. ಇನ್‌ಪುಟ್ ಹೆಲ್ಪ್ ಶುರುವಾಗುತ್ತದೆ. ಆಮೇಲೆ ಯಾವ ಕೀ ಒತ್ತಿದರೂ ಅದರ ಹೆಸರು, ಅದರ ಕೆಲಸ ಹೇಳುತ್ತದೆ, ಆ ಕೆಲಸ ಮಾಡುವುದಿಲ್ಲ. ಏನಾದರೂ ಕೆಡುತ್ತದೆ ಅನ್ನುವ ಭಯ ಹೋದ ಮೇಲೆ ಮಕ್ಕಳು ಪ್ಯಾಡನ್ನು ಎಷ್ಟು ಬೇಗ ಹಿಡಿಯುತ್ತಾರೆ ಅಂದರೆ ನಾವು ಪಕ್ಕಕ್ಕೆ ಸರಿಯಬೇಕು. ಮತ್ತೆ ಅದನ್ನೇ ಒತ್ತಿದರೆ ಹೆಲ್ಪ್ ಮುಗಿಯುತ್ತದೆ.

ಈ ಪ್ಯಾಡ್ ಓದುವ ಕೆಲಸಕ್ಕೆ ಹೇಗೆ ಬಂತು ಅಂತ ಕೇಳುವ ಮಕ್ಕಳೂ ಇದ್ದಾರೆ. 1981ರ ಐಬಿಎಂ ಪಿಸಿ ಕೀಬೋರ್ಡ್‌ನಲ್ಲಿ ಬಾಣದ ಕೀಗಳು ಬೇರೆಯಾಗಿ ಇರಲೇ ಇಲ್ಲ. ನಂಬರ್ ಪ್ಯಾಡೇ ಬಾಣಗಳ ಜಾಗ, ನಮ್ ಲಾಕ್ ಹುಟ್ಟಿದ್ದೇ ಅವೆರಡನ್ನು ಬದಲಿಸಲು. ಆಮೇಲೆ ಬಾಣಗಳಿಗೆ ಬೇರೆ ಜಾಗ ಸಿಕ್ಕಿತು, ಪ್ಯಾಡ್ ಖಾಲಿ ಉಳಿಯಿತು. ಸ್ಕ್ರೀನ್ ರೀಡರ್ ಮಾಡುವವರಿಗೆ ಬಲಗೈ ಕೆಳಗೆ ಅಷ್ಟು ಕೀ ಪುಕ್ಕಟೆ ಸಿಕ್ಕಿತು. ಜಾಸ್ ಅನ್ನುವ ಇನ್ನೊಂದು ಸ್ಕ್ರೀನ್ ರೀಡರ್ ಹಳೆಯ ಡಾಸ್ ಕಾಲದ್ದು, 1989ರಿಂದ ಇದೆ. ಎನ್‌ವಿಡಿಎ ಶುರುವಾದದ್ದು 2006ರಲ್ಲಿ, ಆಸ್ಟ್ರೇಲಿಯಾದ ಮೈಕಲ್ ಕರನ್ ಕೈಯಲ್ಲಿ. ಅವರಿಗೂ ಕಣ್ಣು ಕಾಣುವುದಿಲ್ಲ. ದುಡ್ಡು ಕೊಡದೆ ಎಲ್ಲರಿಗೂ ಸಿಗಬೇಕು ಅನ್ನುವುದು ಅದರ ಮೂಲ ಉದ್ದೇಶ. ನಮ್ಮ ಕಡೆ ಇಷ್ಟು ಮಂದಿ ಕಲಿತದ್ದು ಅದು ಪುಕ್ಕಟೆ ಇದ್ದದ್ದರಿಂದಲೇ, ಅಲ್ವಾ?

ಜಾಸ್ ಕಲಿತು ಬಂದವರು ಗಮನಿಸಿ, ಅಲ್ಲಿ ಪ್ಯಾಡ್ ಬೇರೆ ಥರ. 5 ಒಂದೇ ಒತ್ತಿದರೆ ಅಕ್ಷರ ಹೇಳುತ್ತದೆ, ಇನ್ಸರ್ಟ್ ಜೊತೆ ಒತ್ತಿದರೆ ಪದ. ಮೈನಸ್ ಜಾಸ್ ಕರ್ಸರ್‌ಗೆ (ಪರದೆ ಓದಲು), ಪ್ಲಸ್ ಪಿಸಿ ಕರ್ಸರ್‌ಗೆ (ಟೈಪ್ ಮಾಡುವ ಜಾಗಕ್ಕೆ). ಲಿನಕ್ಸ್‌ನ ಸ್ಕ್ರೀನ್ ರೀಡರ್ ಆರ್ಕಾದಲ್ಲಿ ಮಾತ್ರ 7, 8, 9 ಸಾಲಿಗೆ, 4, 5, 6 ಪದಕ್ಕೆ, 1, 2, 3 ಅಕ್ಷರಕ್ಕೆ, ಎನ್‌ವಿಡಿಎ ಥರವೇ.

ಜೀನ್ಸ್ ಗಲ್ಲಿ, ಬಳ್ಳಾರಿ

ಯುಎಸ್‌ಬಿ ಪ್ಯಾಡ್ ತರುವ ಮುಂಚೆ ಲ್ಯಾಪ್‌ಟಾಪ್ ಒಯ್ದು ಅಂಗಡಿಯಲ್ಲೇ ಎನ್‌ವಿಡಿಎ ಹಾಕಿ ನೋಡಿ. ಕೆಲವು ಪ್ಯಾಡ್‌ಗಳು ಪ್ರತಿ ಕೀ ಒತ್ತಿದಾಗಲೂ ತಾವೇ ನಮ್ ಲಾಕ್ ಆನ್ ಮಾಡಿ ಆಮೇಲೆ ಆಫ್ ಮಾಡುತ್ತವೆ. ಕಣ್ಣಿದ್ದವರಿಗೆ ಅನುಕೂಲ ಆಗಲಿ ಅಂತ. ನಮಗೆ ಅದರಿಂದ ಅಂಕಿ ಮಾತ್ರ ಬೀಳುತ್ತದೆ, ಮೇಲಿಂದ "ನಮ್ ಲಾಕ್ ಆನ್, ನಮ್ ಲಾಕ್ ಆಫ್" ಅನ್ನುವ ಗಲಾಟೆ ಬೇರೆ. ನನ್ನ ಮೊದಲ ಪ್ಯಾಡ್ ಅಂಥದ್ದೇ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ, ಮಗಳು ಈಗ ಕ್ಯಾಲ್ಕುಲೇಟರ್ ಆಟಕ್ಕೆ ಇಟ್ಟುಕೊಂಡಿದ್ದಾಳೆ.

ವಿಂಡೋಸ್‌ನ ಮೌಸ್ ಕೀಸ್ (ಪ್ಯಾಡ್‌ನಿಂದ ಮೌಸ್ ಸರಿಸುವ ಸೌಲಭ್ಯ) ಆನ್ ಇದ್ದರೂ ಪ್ಯಾಡ್ ಮಾತು ಕೇಳುವುದಿಲ್ಲ. ಎಡ ಆಲ್ಟ್, ಎಡ ಶಿಫ್ಟ್, ನಮ್ ಲಾಕ್ ಮೂರೂ ಒಟ್ಟಿಗೆ ಒತ್ತಿದರೆ ಅದು ಆನ್ ಆಗುತ್ತದೆ. ಅದನ್ನೂ ಒಮ್ಮೆ ನೋಡಿ.

ಹಟ್ಟಿ ಹುಡುಗ, ರಾಯಚೂರು ಜಿಲ್ಲೆ

ನೋಡಿದಿರಾ? ಇಷ್ಟೆಲ್ಲ ರಗಳೆ. ಲ್ಯಾಪ್‌ಟಾಪ್ ಲೇಔಟ್‌ಗೆ ನಮ್ ಲಾಕ್ ಕಾಟವೇ ಇಲ್ಲ.

ಭತ್ತದ ಲೆಕ್ಕ, ಗಂಗಾವತಿ

ತಮ್ಮಾ, ನೀನು ಒಮ್ಮೆ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್‌ನಲ್ಲಿ ಬರೆದ ಫೈಲ್ ಓದು, ಆಮೇಲೆ ಹೇಳು. ಆ ಕೆಲಸಕ್ಕೆ ಪ್ಯಾಡ್‌ನಷ್ಟು ಬೇಗ ಇನ್ನೊಂದಿಲ್ಲ.

ಈ ವಿಷಯ ಬಿ.ಎ. ಓದುವ ಹುಡುಗನಿಗೂ ಬೇಕು, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನೋಟ್ಸ್, ಸುತ್ತೋಲೆ ಅಂತ ಕೈಗೆ ಬರುವ ವರ್ಡ್ ಫೈಲ್‌ಗಳಲ್ಲಿ ಹಳೆಯ ನುಡಿ ಫಾಂಟ್‌ನವು ಇನ್ನೂ ಇವೆ. ಕಣ್ಣಿಗೆ ಕನ್ನಡ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಕನ್ನಡದ ವೇಷ. ಸ್ಕ್ರೀನ್ ರೀಡರ್ ಫಾಂಟ್‌ನ ಚಿತ್ರ ನೋಡುವುದಿಲ್ಲ, ಒಳಗಿನ ಸಂಕೇತ ಓದುತ್ತದೆ. ಅದಕ್ಕೇ ಅರ್ಥವಿಲ್ಲದ ಗುಳುಗುಳು ಬರುತ್ತದೆ. ಫೈಲ್ ಕಳಿಸಿದವರು "ನಮ್ಮಲ್ಲಿ ಚೆನ್ನಾಗೇ ಕಾಣ್ತದಲ್ಲ, ನಿಮ್ಮ ಸಾಫ್ಟ್‌ವೇರ್ ಸರಿ ಇಲ್ಲ" ಅನ್ನುತ್ತಾರೆ.

ಅವರಿಗೆ ಹೀಗೆ ತೋರಿಸಬಹುದು. "ಕನ್ನಡ" ಅನ್ನುವ ಪದದ ಮೊದಲ ಅಕ್ಷರದ ಮೇಲೆ ನಿಂತು ಪ್ಯಾಡ್‌ನ 2 ಬೇಗ ಬೇಗ ಮೂರು ಸಲ ಒತ್ತಿ. ಆ ಅಕ್ಷರದ ಸಂಖ್ಯೆ ಹೇಳುತ್ತದೆ. ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) "ಕ" ಆಗಿದ್ದರೆ 3221. ಹಳೆಯ ನುಡಿ ಆಗಿದ್ದರೆ 80, ಅಂದರೆ ಇಂಗ್ಲಿಷ್‌ನ ದೊಡ್ಡ ಪಿ. ಮೂರು ಸಾವಿರ ದಾಟಿ ಬಂದರೆ ಕನ್ನಡ, ನೂರು ಇನ್ನೂರರ ಆಸುಪಾಸು ಬಂದರೆ ವೇಷ. ಆಮೇಲೆ ಆ ಫೈಲನ್ನು ಯುನಿಕೋಡ್‌ಗೆ ಬದಲಿಸಿ ಕೊಡಿ ಅಂತ ಧೈರ್ಯವಾಗಿ ಕೇಳಬಹುದು. ಕನ್ವರ್ಟರ್‌ಗಳು ಇವೆ, ನಾವೇ ಮಾಡಿಕೊಳ್ಳಬಹುದು. ಆದರೂ ಕಳಿಸುವವರಿಗೆ ಒಮ್ಮೆಯಾದರೂ ಹೇಳಬೇಕು. ಇಲ್ಲದಿದ್ದರೆ ಮುಂದಿನ ವರ್ಷವೂ ಅದೇ ಫಾಂಟ್.

ಸಿಂಧನೂರು ಮೇಷ್ಟ್ರು

ಭತ್ತದ ಲೆಕ್ಕ ಅವರೇ, ಇದನ್ನು ನಾಳೆಯೇ ಕ್ಲಾಸಿನಲ್ಲಿ ಹೇಳುತ್ತೇನೆ.

ಅಕ್ಷರದ ಮಾತು ಬಂತು ಅಂತ ಒಂದು ಎಚ್ಚರಿಕೆ. ಕನ್ನಡದಲ್ಲಿ 3 ಒತ್ತುತ್ತಾ ಹೋದಾಗ ಒತ್ತಕ್ಷರ ಬಂದರೆ ಗಾಬರಿ ಬೀಳಬಾರದು. "ಬಳ್ಳಾರಿ" ನಮ್ಮ ಲೆಕ್ಕಕ್ಕೆ ಮೂರು ಅಕ್ಷರ. ಕಂಪ್ಯೂಟರ್ ಒಳಗೆ ಬ, ಳ, ಅರ್ಧಾಕ್ಷರ ಮಾಡುವ ಚಿಹ್ನೆ, ಇನ್ನೊಂದು ಳ, ದೀರ್ಘ, ರ, ಗುಡಿಸು ಅಂತ ಏಳು ತುಂಡು. ಕೆಲವು ಪ್ರೋಗ್ರಾಂಗಳಲ್ಲಿ "ಳ್ಳಾ" ಒಟ್ಟಿಗೆ ಬರುತ್ತದೆ, ಕೆಲವು ಕಡೆ ತುಂಡು ತುಂಡಾಗಿ. ಕಾಗುಣಿತ ತಪ್ಪು ಹುಡುಕುವಾಗ ತುಂಡಾಗಿ ಬರುವುದೇ ಒಳ್ಳೆಯದು. ಅಲ್ಪಪ್ರಾಣ, ಮಹಾಪ್ರಾಣದ ತಪ್ಪು ಕಿವಿಗೆ ಬೀಳದಿದ್ದರೆ ಅಕ್ಷರದ ಮೇಲೆ ನಿಂತು ಮೇಲೆ ಹೇಳಿದ ಸಂಖ್ಯೆಯನ್ನೇ ಕೇಳಬಹುದು. "ದ" ಬೇರೆ, "ಧ" ಬೇರೆ, ಸಂಖ್ಯೆ ಸುಳ್ಳು ಹೇಳುವುದಿಲ್ಲ.

ಹಟ್ಟಿ ಹುಡುಗ, ರಾಯಚೂರು ಜಿಲ್ಲೆ

ಸಂಖ್ಯೆ ತಿಳಿಯಲು ಲ್ಯಾಪ್‌ಟಾಪ್ ಲೇಔಟ್‌ನಲ್ಲೂ ಎನ್‌ವಿಡಿಎ ಕೀ ಹಿಡಿದು ಫುಲ್ ಸ್ಟಾಪ್ ಮೂರು ಸಲ ಒತ್ತಿದರೆ ಸಾಕು. ಆದರೆ ನುಡಿ ಫೈಲ್ ಗುರುತಿಸಲು ಇದನ್ನು ಬಳಸಬಹುದು ಅನ್ನುವುದು ನನಗೆ ಹೊಳೆದಿರಲಿಲ್ಲ. ಒಳ್ಳೆಯ ಉಪಾಯ.

ಕಿನ್ನಾಳದ ಅಕ್ಕ ಅವರ ತಮ್ಮ

ನಮಸ್ಕಾರ. ಅಕ್ಕನ ಲಾಗಿನ್‌ನಿಂದ ನಾನೇ ಬರೆಯುತ್ತಿದ್ದೇನೆ. ಅವಳು ಎಲ್ಲ ಓದಿ ಹೇಳಿದಳು, ಆಮೇಲೆ ನಾನೂ ಓದಿಸಿಕೊಂಡೆ.

ಲ್ಯಾಬ್‌ನಲ್ಲಿ ಆದದ್ದು ಕೌಲ್ ಬಜಾರ್ ಅಣ್ಣ ಹೇಳಿದ ಆ 7ರ ಸ್ವಿಚ್ಚೇ. ಒತ್ತಿದ ಕೂಡಲೇ ಸರಿಯಾಯಿತು. ಲ್ಯಾಬ್‌ನವರು ಬದಲಿಸಿದ ಕೀಬೋರ್ಡ್ ಸುಮ್ನೆ ಹೋಯಿತು.

ಹಟ್ಟಿ ಅಣ್ಣ ಹೇಳಿದಂತೆ ಲ್ಯಾಪ್‌ಟಾಪ್ ಲೇಔಟ್ ಹಾಕಿಕೊಂಡೆ. ಕ್ಲಾಸಿನಲ್ಲಿ ಬರೆದುಕೊಳ್ಳಲು ಸಾಕು. ಮನೆಯಲ್ಲಿ ಕೂತು ಪಾಠ ತಿದ್ದುವಾಗ ಪ್ಯಾಡ್ ಬೇಕೇ ಬೇಕು, ಅಕ್ಕ ಬಳ್ಳಾರಿಗೆ ಹೋದಾಗ ನೋಡಿ ತರುತ್ತಾಳೆ. ಕೊಪ್ಪಳದ ಅಂಗಡಿಯಲ್ಲಿ ಒಂದೇ ಥರದ್ದು ಇತ್ತು, ಒತ್ತಿ ನೋಡಿದರೆ ಜೀನ್ಸ್ ಗಲ್ಲಿಯವರು ಹೇಳಿದ ಗಲಾಟೆ ಮಾಡುವಂಥದ್ದೇ. ಬಿಟ್ಟು ಬಂದೆವು.

ಒಂದು ಪ್ರಶ್ನೆ. ಪ್ಯಾಡ್ ಚುಚ್ಚಿದಾಗ ಪ್ರತಿ ಸಲ ಸೆಟ್ಟಿಂಗ್ಸ್‌ಗೆ ಹೋಗಿ ಲೇಔಟ್ ಬದಲಿಸಬೇಕಾ? ಮನೆಯಲ್ಲಿ ಡೆಸ್ಕ್‌ಟಾಪ್, ಕಾಲೇಜಿನಲ್ಲಿ ಲ್ಯಾಪ್‌ಟಾಪ್ ಅಂತ?

ಕೌಲ್ ಬಜಾರ್ ಕೀಬೋರ್ಡ್, ಬಳ್ಳಾರಿ

ಬೇಡ ತಮ್ಮಾ. ಲೇಔಟ್ ಲ್ಯಾಪ್‌ಟಾಪ್‌ನದ್ದೇ ಇರಲಿ. ಎನ್‌ವಿಡಿಎ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಇನ್‌ಪುಟ್ ಜೆಸ್ಚರ್ಸ್ ಅಂತ ಇದೆ. ಟೆಕ್ಸ್ಟ್ ರಿವ್ಯೂ ವಿಭಾಗದಲ್ಲಿ ನಿನಗೆ ಬೇಕಾದ ಕೆಲಸ ಹುಡುಕಿ, ಆಡ್ ಒತ್ತಿ, ಪ್ಯಾಡ್‌ನ ಕೀ ಒತ್ತು. ನಮ್ ಲಾಕ್ ಆಫ್ ಇಟ್ಟುಕೊಂಡೇ ಮಾಡು. ಯಾವ ಲೇಔಟ್‌ಗೆ ಅಂತ ಕೇಳಿದರೆ ಎಲ್ಲ ಲೇಔಟ್‌ಗೆ ಅನ್ನು. ಸಾಲು, ಪದ, ಅಕ್ಷರದ ಒಂಬತ್ತು ಕೀ ಹೀಗೆ ಕೊಟ್ಟರೆ ಪ್ಯಾಡ್ ಚುಚ್ಚಿದಾಗ ಅದು, ಇಲ್ಲದಾಗ ಬಾಣ, ಎರಡೂ ನಡೆಯುತ್ತವೆ.

ಅಕ್ಕ ಬಳ್ಳಾರಿಗೆ ಬರುವ ದಿನ ಇಲ್ಲಿ ಒಂದು ಮಾತು ಬರೆಯಲಿ. ನಾನು ಒಂದೆರಡು ಅಂಗಡಿಯಲ್ಲಿ ಮೊದಲೇ ಒತ್ತಿ ನೋಡಿ ಇಟ್ಟಿರುತ್ತೇನೆ.